ಗಾಜಿನ ಬೆನ್ನಿನ ಕೆಂಪು ಬಣ್ಣ

ಸಂಗೀತ ಸಂಯೋಜಕ ಕುಶಲರಾವ್ ಸತ್ತ ಸುದ್ದಿ ಬಂದ ದಿನ ಡೊಂಬಿವಲಿಯ ಜಯಶೀಲಮ್ಮ ಊಟ ಬಿಟ್ಟಿದ್ದರು. ದುಃಖಕ್ಕಲ್ಲ, ಅವನು ತಪ್ಪಿಸಿಕೊಂಡನಲ್ಲ ಎಂಬ ಸಿಟ್ಟಿಗೆ. ಲೆಕ್ಕ ತೀರಿಸಬೇಕಿದ್ದ ಇಬ್ಬರಲ್ಲಿ ಉಳಿದವನು ಕಾದಂಬರಿಕಾರ ರಮಾಕಾಂತ. ತೊಂಬತ್ತು ದಾಟಿ ಕಾಮೋಠೆಯಲ್ಲಿ ಮೊಮ್ಮಗಳ ಮನೆಯಲ್ಲಿದ್ದ ಅವನ ಆಯುಸ್ಸಿಗಾಗಿ ಜಯಶೀಲಮ್ಮನಷ್ಟು ಹಾರೈಸಿದವರು ಇನ್ನೊಬ್ಬರಿರಲಿಲ್ಲ.

ಉಡುಪಿಯಿಂದ ಬಂದ ಜಯಶೀಲಮ್ಮನ ಅಪ್ಪ ಐವತ್ತರ ದಶಕದಲ್ಲಿ ಕಲ್ಯಾಣ ಸ್ಟೇಷನ್ ಬಳಿ ಫೋಟೊ ಸ್ಟುಡಿಯೊ ಇಟ್ಟಿದ್ದರು. ಆ ಇಬ್ಬರೂ ಸಂಜೆ ಕಳೆಯುತ್ತಿದ್ದದ್ದು ಅಲ್ಲಿಯೇ. ಚಹಾ ತಂದ ಅಕ್ಕ ದ್ರೌಪದಿ ಅವರೆದುರು ಕೂತು ಅಜ್ಜಿಯಿಂದ ಕಲಿತ ಹಾಡು ಹಾಡುತ್ತಿದ್ದಳು. ಊರಿನ ಒಬ್ಬ ಹೆಂಗಸಿನ ಕಥೆಯನ್ನು ದಿನಕ್ಕಿಷ್ಟು ಕಟ್ಟಿ ಹೇಳುತ್ತಿದ್ದಳು. ಹಾಡುಗಳು ಒಬ್ಬನ ರಾಗಗಳಾದವು, ಕಥೆ ಇನ್ನೊಬ್ಬನ ಕಾದಂಬರಿಯಾಯಿತು. ಆ ಸಂತೋಷಕ್ಕೆ ಮೂವರೂ ನಿಂತು ಫೋಟೊ ತೆಗೆಸಿಕೊಂಡರು. ಪುಸ್ತಕ ಅಚ್ಚಿಗೆ ಹೋಗುವಾಗ ರಮಾಕಾಂತ ಬಂದು, "ನಡುವೆ ಹುಡುಗಿ ಇದ್ದರೆ ಜನ ಏನೇನೋ ಆಡ್ಕೋತಾರೆ. ಅವಳನ್ನ ತೆಗೆದುಬಿಡಿ," ಎಂದ. ಓದು ಬರಹ ಬಲ್ಲವರ ಮಾತು ಮೀರಲಾರದ ಅಪ್ಪ ಗಾಜಿನ ನೆಗೆಟಿವ್‌ನ ಬೆನ್ನಿಗೆ ಬೆಳಕು ತಡೆಯುವ ರೀಟಚಿಂಗ್‌ನ ಕೆಂಪು ಬಣ್ಣ ಬಳಿದು ಮಗಳನ್ನು ಮುಚ್ಚಿದರು. ಅಚ್ಚಾದ ಚಿತ್ರದಲ್ಲಿ ಇಬ್ಬರ ನಡುವೆ ಬಿಳಿ ಖಾಲಿಜಾಗ ಉಳಿಯಿತು. ಮಾತಿಗೂ ನಾದಕ್ಕೂ ನಡುವಿನ ಮೌನ ಎಂದು ವಿಮರ್ಶಕರು ಅದನ್ನೂ ಕೊಂಡಾಡಿದರು. ದ್ರೌಪದಿ ಮತ್ತೆ ಹಾಡಲಿಲ್ಲ, ಕಥೆ ಹೇಳಲಿಲ್ಲ. ಡೊಂಬಿವಲಿಯ ಚಾಳಿನಲ್ಲಿ ಹಪ್ಪಳ ಲಟ್ಟಿಸುತ್ತ ಸತ್ತಳು.

ಈ ವರ್ಷ ಠಾಣೆ ನಗರದ ಕನ್ನಡ ಸಂಘವೊಂದು ರಮಾಕಾಂತನ ಸನ್ಮಾನಕ್ಕೆ ಆ ಚಿತ್ರವನ್ನು ಆಳೆತ್ತರಕ್ಕೆ ಮಾಡಿಸಹೊರಟಿತು. ನೆಗೆಟಿವ್ ಕೇಳಲು ಅವನ ಮೊಮ್ಮಗಳು ಅಶ್ಮಿತಾ ಜಯಶೀಲಮ್ಮನ ಮನೆಗೆ ಬಂದಳು.

"ಅಜ್ಜಿ, ಓರಿಜಿನಲ್ ನಿಮ್ಮ ಹತ್ರ ಇದೆ ಅಂತ ಅಜ್ಜ ಬೋಲೆ. ಮಿಲೇಗಾ ಕ್ಯಾ?"

"ಗಾಜು ಕೊಡುವುದಿಲ್ಲ. ಪ್ರಿಂಟ್ ನಾನೇ ಮಾಡಿಸಿ ಕೊಡ್ತೇನೆ. ವೇದಿಕೆಯಲ್ಲಿ ಅದರ ಪರದೆ ಮಾತ್ರ ನಿನ್ನ ಅಜ್ಜನೇ ಎಳೀಬೇಕು."

"ಸೋ ಸ್ವೀಟ್ ಅಜ್ಜಿ!"

"ಸ್ವೀಟಾ? ತಿಂದು ನೋಡು ಮಾರಾಯ್ತಿ, ಆಮೇಲೆ ಹೇಳು."

ನೀರಿನಲ್ಲಿ ಕಲಸಿದ ಆ ಬಣ್ಣ ನೀರಿಗೇ ಬಿಡುತ್ತದೆ. ಸ್ಟುಡಿಯೊ ಮನೆಯವರಿಗೆಲ್ಲ ಗೊತ್ತಿದ್ದ ಈ ಸಂಗತಿ ಕಾದಂಬರಿಕಾರನಿಗೆ ಗೊತ್ತಿರಲಿಲ್ಲ. ಜಯಶೀಲಮ್ಮ ಎಂದೋ ಒರೆಸಬಹುದಿತ್ತು. ಆದರೆ ಮನೆಯೊಳಗೆ ಒರೆಸಿದರೆ ನೋಡುವವರು ಯಾರು? ಈಗ ಹತ್ತಿ ಒದ್ದೆ ಮಾಡಿ ಗಾಜಿನ ಬೆನ್ನು ಒರೆಸಿದರು. ಮೊದಲು ಸೆರಗು, ಆಮೇಲೆ ಕುತ್ತಿಗೆ, ಮುಖ. ಅಳು ಬರಲಿಲ್ಲ. ನೌಪಾಡಾದ ಫೋಟೊ ಅಂಗಡಿಯಲ್ಲಿ ಚಿತ್ರ ದೊಡ್ಡದು ಮಾಡಿಸಿ, ಬಟ್ಟೆ ಹೊದಿಸಿ ವೇದಿಕೆಗೆ ಕಳಿಸಿದರು.

ಸನ್ಮಾನದ ದಿನ ರಮಾಕಾಂತ ಪರದೆ ಎಳೆದ. ಚಪ್ಪಾಳೆ ಅರ್ಧಕ್ಕೇ ನಿಂತಿತು. ಕೋಲು ಊರಿಕೊಂಡು ಹತ್ತಿರ ಹೋಗಿ ನೋಡಿದವನು ಹಿಂದೆ ಸರಿದ.

"ಅಜ್ಜಾ, ನಡುವೆ ಕೌನ್ ಹೈ?" ಮೈಕ್ ಹಿಡಿದಿದ್ದ ಅಶ್ಮಿತಾ ಕೇಳಿದಳು.

"ಯಾರೋ... ನೆನಪಿಲ್ಲ."

ಸಭೆಯಲ್ಲಿ ಕೂತಿದ್ದ ಜಯಶೀಲಮ್ಮ ಎದ್ದು ನಿಂತರು. "ನೆನಪಿಲ್ವಾ? ಹಾಗಾದ್ರೆ ನಿಮ್ಮ ಪುಸ್ತಕದ ಒಂದೊಂದು ಅಧ್ಯಾಯ ಯಾರ ಬಾಯಿಂದ ಬಂದದ್ದು ಅಂತ ನಾನೇ ಹೇಳ್ತಾ ಹೋಗ್ತೇನೆ. ನನಗೆ ಬೇಕಾದಷ್ಟು ಪುರುಸೊತ್ತುಂಟು."

ಮುದುಕನ ತುಟಿ ಅಲುಗಿತು. "ದ್ರೌಪದಿ."

"ಕೇಳ್ಲಿಲ್ಲ. ಮೈಕಿನಲ್ಲಿ."

"ದ್ರೌಪದಿ. ಕಥೆ ಅವಳದ್ದು. ಹಾಡೂ."

ಅವನು ಕೈ ಮುಗಿದ. ಜಯಶೀಲಮ್ಮ ಮರಳಿ ಮುಗಿಯಲಿಲ್ಲ. ಸಂಘದವರು ಓಡಿಬಂದು ಚಿತ್ರಕ್ಕೆ ಮತ್ತೆ ಬಟ್ಟೆ ಹೊದಿಸಹೋದಾಗ, "ಮುಟ್ಟಿದ್ರೆ ಜಾಗ್ರತೆ," ಎಂದು ವೇದಿಕೆ ಹತ್ತಿ, ಕುರ್ಚಿ ಎಳೆದು ಅದರ ಪಕ್ಕದಲ್ಲೇ ಕೂತರು. ತನ್ನನ್ನು ಹೊಗಳಲು ಬರೆದು ತಂದಿದ್ದ ಭಾಷಣಗಳನ್ನೆಲ್ಲ ರಮಾಕಾಂತ ಆ ಚಿತ್ರದ ಎದುರೇ ಕೂತು ಕೇಳಬೇಕಾಯಿತು.