ಖಾಲಿ ಅದರಿ ಮೇಡಂ

ಐದು ವರ್ಷಗಳ ಹಿಂದೆ ನಾನು ವಾಡಿಯ ಒಂದು ಸಿಮೆಂಟ್ ಕಾರ್ಖಾನೆಯಲ್ಲಿ ಕಂಪ್ಯೂಟರ್ ದಾಖಲೆಗಳ ಸ್ಟೋರೇಜ್ ಎಂಜಿನಿಯರ್ ಆಗಿದ್ದೆ. ಎಂಜಿನಿಯರ್ ಏನು ಬಂತು, ಇಡೀ ವಿಭಾಗವೇ ನಾನು! ಕಿಟಕಿಯಿಲ್ಲದ ಸರ್ವರ್ ಕೋಣೆ, ಮೇ ತಿಂಗಳಲ್ಲೂ ಮೈಮೇಲೆ ಸ್ವೆಟರ್, ಜೊತೆಗೆ ಎ.ಸಿ.ಯ ಸದ್ದು. ಚಿತ್ತಾಪುರದಿಂದ ಅಕ್ಕ ಫೋನ್ ಮಾಡಿ "ದಿನಾ ಅಲ್ಲಿ ಏನ್ ಮಾಡ್ತೀ?" ಎಂದರೆ "ಕಂಪ್ಯೂಟರ್ ನೋಡ್ಕೋತೀನಿ" ಎನ್ನುತ್ತಿದ್ದೆ. ಕೆಲವು ದಿನ ನಾನು ಬಾಯಿ ಬಿಟ್ಟು ಆಡಿದ್ದು ಅಷ್ಟೇ ಇರುತ್ತಿತ್ತು.

ಆ ದಿನ ಹಳೆಯ ಸ್ಟೋರೇಜ್‌ನಿಂದ ಹತ್ತು ವಾಲ್ಯೂಮ್‌ಗಳ ಮ್ಯಾಪಿಂಗ್ ತೆಗೆಯಬೇಕಿತ್ತು. ವಾಲ್ಯೂಮ್ ಎಂದರೆ ಡಿಸ್ಕ್ ಜಾಗದ ಒಂದು ಪಾಲು. ಅದು ಯಾವ ಸರ್ವರ್‌ಗೆ ಕಾಣಬೇಕೆಂಬ ಜೋಡಣೆಯೇ ಮ್ಯಾಪಿಂಗ್. ಸರ್ವರ್‌ಗೂ ಡಿಸ್ಕಿಗೂ ನಡುವೆ ಕ್ಯಾಶ್ ಎಂಬ ತಾತ್ಕಾಲಿಕ ಜಾಗ ಇರುತ್ತದೆ. ಅದು ಅಂಚೆ ಡಬ್ಬಿಯಿದ್ದಂತೆ: ಹಾಕಿದವನಿಗೆ ಕಾಗದ ಹೋಯಿತೆಂಬ ಸಮಾಧಾನ, ಕಾಗದ ಮಾತ್ರ ಇನ್ನೂ ಡಬ್ಬಿಯಲ್ಲೇ. ಆದ್ದರಿಂದ ಮೊದಲು ಬರೆಯುವುದನ್ನು ನಿಲ್ಲಿಸಿ, ಸರ್ವರ್‌ನಲ್ಲಿ ವಾಲ್ಯೂಮಿನ ಬಳಕೆ ಮುಚ್ಚಿ (ಅನ್‌ಮೌಂಟ್ ಮಾಡಿ), ಕ್ಯಾಶ್‌ನಲ್ಲಿರುವುದನ್ನೆಲ್ಲ ಡಿಸ್ಕಿಗಿಳಿಸಿ, ಬಾಕಿ ಸೊನ್ನೆಯೆಂದು ಕಣ್ಣಾರೆ ಕಂಡ ಮೇಲೆಯೇ ಮ್ಯಾಪಿಂಗ್ ತೆಗೆಯಬೇಕು.

ಒಂಬತ್ತನ್ನು ಹಾಗೆಯೇ ತೆಗೆದೆ. ಹತ್ತನೆಯದು ಕಾರ್ಖಾನೆಯ ದವಾಖಾನೆಯದು. ಅವರ ದಾಖಲೆಗಳನ್ನೆಲ್ಲ ಹಿಂದಿನ ವಾರವೇ ಹೊಸ ವಾಲ್ಯೂಮ್‌ಗೆ ನಕಲು ಮಾಡಿ, ಇನ್ನು ಅದರಲ್ಲೇ ಬರೆಯಿರಿ ಎಂದು ತಿಳಿಸಿದ್ದೆ. ಆದರೂ ಅಲ್ಲಿಯ ಕಂಪೌಂಡರ್ ಶರಣಪ್ಪನವರಿಗೆ ಫೋನ್ ಮಾಡಿ "ಈಗ ತೆಗೀಲೇನ್ರಿ, ಖಾಲಿ ಅದ ಏನ್?" ಎಂದು ಕೇಳಿದೆ.

"ಖಾಲಿ ಅದರಿ ಮೇಡಂ, ತೆಗೀರಿ."

ಹಸಿವಾಗಿತ್ತು. ಖಾಲಿಯಿದ್ದದ್ದರಲ್ಲಿ ಇಳಿಸುವುದೇನಿದೆ ಎಂದುಕೊಂಡು ನೇರ ಮ್ಯಾಪಿಂಗ್ ತೆಗೆದುಬಿಟ್ಟೆ. ಆಮೇಲೆ ನೋಡುತ್ತೇನೆ, ಕ್ಯಾಶ್‌ನಲ್ಲಿ ಬಾಕಿ ಇದೆ! ಮತ್ತೆ ಫೋನ್ ಹಚ್ಚಿದೆ.

"ಖಾಲಿ ಅಂದ್ರ ಮಂದಿ ಇಲ್ಲ ಅಂತರಿ! ಎಲ್ಲಾರೂ ಊಟಕ್ಕ ಹೋಗ್ಯಾರ. ಮುಂಜಾನಿಂದ ಹದಿನೇಳು ಮಂದೀದು ಉಸಿರಿನ ಟೆಸ್ಟ್ ಅದರಾಗೇ ಬರ್ದೀನಿ. ಹೊಸಾದು ನನಗ ತಿಳೀಲಿಲ್ಲರಿ."

ಅವರೆಲ್ಲ ರಾವೂರ ಕಡೆಯ ನಮ್ಮ ಕಲ್ಲಿನ ಗಣಿಯ ಕೆಲಸಗಾರರು. ಉಸಿರಿನ ಅಂಕಿ ನೋಡಿಯೇ ಧೂಳಿನ ಕೆಲಸದಿಂದ ಯಾರನ್ನು ಬಿಡಿಸಬೇಕೆಂದು ಡಾಕ್ಟರು ಅಂದು ಸಂಜೆಯೊಳಗೆ ಬರೆದು ಕಳಿಸಬೇಕಿತ್ತು.

ಸರ್ವರನ್ನು ರೀಸ್ಟಾರ್ಟ್ ಮಾಡಲು ಕೈ ತುರಿಸುತ್ತಿತ್ತು. ಮಾಡಿದ್ದರೆ ಕಥೆ ಮುಗಿಯುತ್ತಿತ್ತು. ಸರ್ವರ್ ರೀಸ್ಟಾರ್ಟ್ ಆದರೆ ಆ ಹಳೆಯ ಕ್ಯಾಶ್ ಬರಿದಾಗುತ್ತಿತ್ತು. ಅದೇ ವಾಲ್ಯೂಮನ್ನು ಅದೇ ಗುರುತಿನ ಸಂಖ್ಯೆಯಲ್ಲಿ ಮರಳಿ ಮ್ಯಾಪ್ ಮಾಡಿ ಕೂತೆ. ಕೇಳಲು ಹಿರಿಯರಿಲ್ಲ, ಬೈಯಲು ಕೂಡ ಒಬ್ಬರಿಲ್ಲ. ಅಂದು ಯಾರಾದರೂ ಬಂದು ಬೈದಿದ್ದರೂ ಸಾಕಾಗಿತ್ತು. ಬಾಕಿ ನಿಧಾನವಾಗಿ ಇಳಿದು ಸೊನ್ನೆಯಾಯಿತು. ಹದಿನಾರು ದಾಖಲೆ ಸಿಕ್ಕವು. ಕೊನೆಯದು ಅರ್ಧಕ್ಕೇ ತುಂಡಾಗಿತ್ತು. ಭೀಮಣ್ಣ ಎಂಬವರದು.

ಆಟೋ ಹಿಡಿದು ನಾನೇ ರಾವೂರಿಗೆ ಹೋದೆ. ಭೀಮಣ್ಣ ಕಟ್ಟೆಯ ಮೇಲೆ ಕೂತಿದ್ದರು. ತಪ್ಪು ನನ್ನದೆಂದು ಹೇಳಿದೆ.

"ಮತ್ತ ಊದಬೇಕೇನ್ ಯವ್ವಾ?" ಎಂದರು. ಅಷ್ಟು ಹೇಳುವುದರಲ್ಲಿ ಎರಡು ಸಲ ನಿಂತು ಉಸಿರೆಳೆದುಕೊಂಡರು. ನನಗೆ ಅಳು ಬಂತು.

ಅದೇ ಆಟೋದಲ್ಲಿ ಅವರನ್ನು ಕರೆತಂದೆ. ದವಾಖಾನೆಯಲ್ಲಿ ನಾಲ್ಕು ಸಲ ಊದಿದ ಮೇಲೆ ಯಂತ್ರ ಒಪ್ಪಿತು. ಕೆಮ್ಮು ನಿಂತ ಮೇಲೆ ಕೇಳಿದರು, "ನಿಂದು ಏನ್ ಕೆಲಸ?"

"ಬರ್ದದ್ದು ಕಳೀದಂಗ ಕಾಯೋದ್ರಿ."

"ಒಬ್ಬಾಕೀನೇ?"

"ಒಬ್ಬಾಕೀನೇ ರೀ."

"ಭಾಳ ತ್ರಾಸ್ ಬಿಡು," ಎಂದರು. ಅಷ್ಟು ವರ್ಷಗಳಲ್ಲಿ ಆ ಮಾತು ಹೇಳಿದವರು ಅವರೊಬ್ಬರೇ.

ಮೇಲಿನವರಿಗೆ ನಡೆದದ್ದನ್ನೆಲ್ಲ ಬರೆದು ಕಳಿಸಿದೆ. "ನೋಡಲಾಗಿದೆ" ಎಂಬ ಒಂದು ಸಾಲು ಬಂತು. ಭೀಮಣ್ಣನವರನ್ನು ಮುಂದಿನ ತಿಂಗಳು ಗೇಟಿನ ಕೆಲಸಕ್ಕೆ ಹಾಕಿದರು.

ಪರದೆಯಲ್ಲಿ ಸೊನ್ನೆ ಕಾಣದೆ ನಾನೀಗ ಯಾವ ಮ್ಯಾಪಿಂಗನ್ನೂ ಮುಟ್ಟುವುದಿಲ್ಲ. ಫೋನಿನಲ್ಲಿ ಖಾಲಿಯೇ ಎಂದು ಕೇಳುವುದನ್ನೂ ಬಿಟ್ಟಿದ್ದೇನೆ. "ಕಡೀಗೆ ಯಾರ ಹೆಸರು ಬರದೀರಿ?" ಎಂದು ಕೇಳುತ್ತೇನೆ. ಹೆಸರು ಹೇಳಿದರೆ, ಆ ಹೆಸರು ಡಿಸ್ಕಿನಲ್ಲಿದೆಯೇ ಎಂದು ನೋಡಿದ ಮೇಲೆಯೇ ಊಟಕ್ಕೆ ಏಳುತ್ತೇನೆ.