ಟವೆಲ್ ಕೆಳಗಿನ ಮೂರು ಬೆರಳು

ಗುರುಶಾಂತವ್ವ ಬಗೆಹರಿಸಲಾಗದ ಜಗಳ ಈ ಭೂಮಿಯ ಮೇಲಿಲ್ಲ. ಹಾಗೆಂದು ಅವಳೇ ಹೇಳುತ್ತಾಳೆ. ಸ್ಯಾನ್ ಪೀಡ್ರೊ ಬಂದರಿನ ಶಿಪ್ಪಿಂಗ್ ಆಫೀಸಿನಲ್ಲಿರುವ ಗಂಡ ವೀರಣ್ಣ ಹೌದೆನ್ನುತ್ತಾನೆ. ಇಷ್ಟು ವರ್ಷ ಸಂಸಾರ ಮಾಡಿದವನಿಗೆ ಬೇರೆ ದಾರಿಯಿಲ್ಲ. ಡೈಮಂಡ್ ಬಾರ್ ಎಂಬ ಊರಿನವರೆಗಿನ ಕನ್ನಡದ ಮನೆಗಳಿಗೆ ಜೋಳದ ರೊಟ್ಟಿ ಬಡಿದುಕೊಡುವ ಈಕೆ, ರೊಟ್ಟಿಯ ಜೊತೆಗೆ ಅತ್ತೆ-ಸೊಸೆಯರ ರಾಜಿಯನ್ನೂ ಪುಕ್ಕಟೆಯಾಗಿ ಮಾಡಿಸಿ ಬರುತ್ತಾಳೆ. ಮಲಪ್ರಭೆಯ ದಂಡೆಯ ಊರಿನಲ್ಲಿ ಅವಳಪ್ಪ ದನದ ಸಂತೆಯ ದಲ್ಲಾಳಿಯಾಗಿದ್ದ.

ಪಕ್ಕದ ಮನೆಯ ಬ್ರೈಡಿ ಫೀಲನ್‌ಳ ಅಪ್ಪನೂ ಅದೇ ಕಸುಬಿನವನೆಂದು ಗೊತ್ತಾದದ್ದು 2020ರ ಲಾಕ್‌ಡೌನಿನಲ್ಲಿ, ಇಬ್ಬರೂ ಬೇಲಿಯ ಆಚೀಚೆ ಕುರ್ಚಿ ಹಾಕಿಕೊಂಡು ಕೂತಾಗ. ಬ್ರೈಡಿಗೆ ಆಗಲೇ ಎಂಬತ್ತು ದಾಟಿತ್ತು. ಅವಳದು ಐರ್ಲೆಂಡಿನ ಬ್ಯಾಲಿನಾರೋ ಎಂಬ ಸಣ್ಣ ಊರು. ನದಿಗೊಂದು ಕಲ್ಲಿನ ಸೇತುವೆ, ಸೇತುವೆ ಇಳಿದರೆ ಚೌಕ, ಚೌಕದಲ್ಲಿ ತಿಂಗಳಿಗೊಮ್ಮೆ ದನದ ಸಂತೆ. ದನ ಒಳಗೆ ನುಗ್ಗೀತೆಂದು ಅಂಗಡಿಯವರು ಅವತ್ತು ಗಾಜಿನ ಮುಂದೆ ಹಲಗೆ ಕಟ್ಟುತ್ತಿದ್ದರು. ಮಾರುವವನೂ ಕೊಳ್ಳುವವನೂ ಎಲ್ಲರೆದುರು ಬೆಲೆ ಕೂಗಾಡಿ, ಮುನಿಸಿಕೊಂಡು ಬೆನ್ನು ತಿರುಗಿಸಿದಾಗ, ಬ್ರೈಡಿಯ ಅಪ್ಪ ಇಬ್ಬರ ಅಂಗೈಯನ್ನೂ ಎಳೆದು ಪಟ್ಟೆಂದು ಕೂಡಿಸುತ್ತಿದ್ದ. ಅಂಗೈ ಕೂಡಿತೋ, ಮಾತು ಮುಗಿಯಿತು. ಅದನ್ನು ಮುರಿದವನಿಗೆ ಊರಿನಲ್ಲಿ ಬೆಲೆಯಿಲ್ಲ. ಆಮೇಲೆ ಸಂತೆಯನ್ನು ಊರ ಹೊರಗಿನ ಹರಾಜು ಕಟ್ಟೆಗೆ ಒಯ್ದರು, ಹೊಳೆದಂಡೆಯ ಹಿಟ್ಟಿನ ಗಿರಣಿ ಮುಚ್ಚಿತು, ಹರೆಯದವರೆಲ್ಲ ಹಡಗು ಹತ್ತಿದರು. ಬ್ರೈಡಿಯೂ ಹತ್ತಿದಳು.

"ಎಲ್ಲಾರ ಎದುರಿಗೆ ರೇಟು ಒದರೂದಾ? ಛೇ!" ಎಂದಳು ಗುರುಶಾಂತವ್ವ, ತನ್ನ ಜವಾರಿ ಇಂಗ್ಲಿಷಿನಲ್ಲಿ. ಅವಳೂರಿನಲ್ಲಿ ಕೈಮೇಲೆ ಟವೆಲ್ ಮುಚ್ಚಿ, ಬೆರಳು ಒತ್ತಿ ವ್ಯಾಪಾರ; ಒತ್ತಿದ ಬೆರಳಿನ ಲೆಕ್ಕವೇ ಬೆಲೆ. ಬಾಯಿ ಬಿಡುವಂತಿಲ್ಲ. ಯಾರು ಸೋತರು, ಯಾರು ಗೆದ್ದರು ಎಂಬುದು ನಿಂತು ನೋಡುವವರಿಗೆ ತಿಳಿಯುವುದೇ ಇಲ್ಲ.

ಮೂರು ವರ್ಷದ ಮೇಲೆ ಬ್ರೈಡಿ ಬಚ್ಚಲಲ್ಲಿ ಜಾರಿ ಬಿದ್ದಳು. ಸ್ಯಾನ್ ಡಿಯೇಗೋದಲ್ಲಿ ಟೀಚರಾಗಿದ್ದ ಮಗಳು ಮೊರೀನ್ ಓಡಿ ಬಂದಳು. ಅಮ್ಮ ಇನ್ನು ಒಬ್ಬಳೇ ಇರಕೂಡದು, ತನ್ನ ಜೊತೆ ಬಂದುಬಿಡಬೇಕು ಎಂದಳು. ಸತ್ತರೂ ಈ ಮನೆಯಲ್ಲೇ ಎಂದಳು ಅಮ್ಮ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು. ಕೊನೆಗೆ ತಾಯಿ ಮಗಳು ಮಾತು ಬಿಟ್ಟರು. ಬ್ರೈಡಿ ಹೋದರೆ ಬೇಲಿಯಾಚೆಯ ಕುರ್ಚಿ ಖಾಲಿಯಾಗುತ್ತದೆ ಎಂಬ ಚಿಂತೆ ಗುರುಶಾಂತವ್ವನಿಗೆ. ಗಂಡನಿಗೂ ಹೇಳಲಿಲ್ಲ. ಒಂದು ವಾರ ಬಿಟ್ಟು, ಶನಿವಾರ ಟವೆಲ್ ಹಿಡಿದು, ವೀರಣ್ಣನನ್ನೂ ಕರೆದುಕೊಂಡು ಅವರ ಮನೆಗೆ ಹೋದಳು.

"ಒಂದು ಬೆರಳಿಗೆ ಒಂದು ತಿಂಗಳು. ಬಾಯಿ ಬಿಟ್ಟರೆ ನನ್ನಾಣೆ!"

ಟವೆಲ್ಲಿನಡಿ ತಾಯಿ ಮಗಳ ಕೈಗಳು ಸ್ವಲ್ಪ ಹೊತ್ತು ಗುದ್ದಾಡಿದವು. ಆಮೇಲೆ, ಆಶ್ಚರ್ಯ, ಇಬ್ಬರ ಮುಖವೂ ಅರಳಿತು. ಗುರುಶಾಂತವ್ವ ಟವೆಲ್ ಕಿತ್ತು, ಬ್ಯಾಲಿನಾರೋದ ಪದ್ಧತಿಯಂತೆ ಎರಡೂ ಅಂಗೈಗಳನ್ನು ಪಟ್ಟೆಂದು ಕೂಡಿಸಿದಳು.

ಚಹಾ ಮುಗಿಯುವಷ್ಟರಲ್ಲಿ ಗುಟ್ಟು ರಟ್ಟಾಯಿತು.

"ವರ್ಷದಲ್ಲಿ ಮೂರು ತಿಂಗಳು ಇಲ್ಲಿರು, ಉಳಿದದ್ದು ನನ್ನ ಮನೇಲಿ. ಬೇಸಿಗೆ ರಜೆಯಲ್ಲಿ ನಾನೂ ಬಂದು ಜೊತೆಗಿರ್ತೀನಿ," ಎಂದಳು ಮೊರೀನ್.

"ಇಲ್ಲಿ ಮೂರೇ?" ಬ್ರೈಡಿ ಕಪ್ಪನ್ನು ಕುಕ್ಕಿದಳು. "ನಿನ್ನ ಮನೆಗೆ ಮೂರು ಅಂತ ನಾನು ಒಪ್ಪಿದ್ದು!"

ವೀರಣ್ಣ ಹೆಂಡತಿಯ ಕಿವಿಯಲ್ಲಿ ಉಸುರಿದ: "ಯಾವ ಮನೀ ತಿಂಗಳು ಅಂತ ಮೊದಲಽ ಹೇಳಬೇಕಿತ್ತಲ್ಲ!"

ಗುರುಶಾಂತವ್ವ ಕದಲಲಿಲ್ಲ. "ಅಂಗೈ ಕೂಡೇತಿ, ಇನ್ನು ಮುರಿಯೋ ಹಂಗಿಲ್ಲ. ಮಗಳ ಮೂರು ಇಲ್ಲಿ, ಅವ್ವನ ಮೂರು ಅಲ್ಲಿ. ಉಳಿದ ಆರು ಇಬ್ಬರದೂ ಅಲ್ಲ. ದಲ್ಲಾಳಿ ತಪ್ಪಿಗೆ ದಲ್ಲಾಳಿನೇ ಹೊಣೆ. ಆ ಆರು ತಿಂಗಳು ಬ್ರೈಡಿ ನಮ್ಮ ಮನ್ಯಾಗಿರ್ತಾಳ. ಕಿಡಕ್ಯಾಗಿಂದ ತನ್ನ ಮನಿ ನೋಡಕೋತ ರೊಟ್ಟಿ ತಿನ್ನಲಿ."

ಮೊರೀನ್ ಅತ್ತುಬಿಟ್ಟಳು. ಅಮ್ಮ ಒಬ್ಬಳೇ ಇರಬಾರದು ಎಂಬುದಷ್ಟೇ ಅವಳಿಗೆ ಬೇಕಿದ್ದದ್ದು. ಬ್ರೈಡಿಯೂ ಆಗಲಿ ಎಂದು ತಲೆಯಾಡಿಸಿ, ಕುಕ್ಕಿದ್ದ ಕಪ್ಪನ್ನು ಮತ್ತೆ ಎತ್ತಿಕೊಂಡಳು.

ಮರುದಿನ ಬ್ರೈಡಿ ಕೋಲೂರಿಕೊಂಡು ತನ್ನ ಹೊಸ ಕೋಣೆ ನೋಡಲು ಬಂದಳು. ಹಾಸಿಗೆಗೆ ತೊಳೆದ ಚಾದರ ಹಾಸಿತ್ತು. ಬಚ್ಚಲಿನ ಗೋಡೆಗೆ, ಹಿಡಿದು ನಿಲ್ಲಲು ಸ್ಟೀಲಿನ ಹೊಸ ಹಿಡಿಕೆ.

"ರಾತ್ರೋರಾತ್ರಿ ಹಾಕಿಸಿದಿರಾ?" ಎಂದಳು ಬ್ರೈಡಿ.

"ಇಲ್ರೀ," ಎಂದ ವೀರಣ್ಣ, ಮುಗ್ಧವಾಗಿ. "ಹೋದ ಮಂಗಳವಾರನೇ ಮೇಸ್ತ್ರಿ ಬಂದು ಹಾಕಿ ಹೋದ."

ಬ್ರೈಡಿ ನಿಧಾನವಾಗಿ ತಿರುಗಿ, ತನ್ನಂತೆಯೇ ದಲ್ಲಾಳಿಯ ಮಗಳಾದ ಗುರುಶಾಂತವ್ವನನ್ನು ನೋಡಿದಳು. ಗುರುಶಾಂತವ್ವ ಬಾಯಿ ಬಿಡಲಿಲ್ಲ. ಹೆಗಲ ಮೇಲಿನ ಟವೆಲ್ ತೆಗೆದು ಕೈಮೇಲೆ ಮುಚ್ಚಿಕೊಂಡು ಮುಂದೆ ಚಾಚಿದಳು. ಬ್ರೈಡಿ ಅದರಡಿ ಕೈಯಿಟ್ಟು, ಅವಳ ಐದೂ ಬೆರಳನ್ನು ಗಟ್ಟಿಯಾಗಿ ಹಿಡಿದುಕೊಂಡಳು.