ಇನ್ನೊಂದು ಉಸಿರು

ಕಳೆದ ಕಾರ್ತಿಕದ ಒಂದು ಬೆಳಿಗ್ಗೆ ಜಯನಗರ ನಾಲ್ಕನೇ ಬ್ಲಾಕಿನ ಮಾರ್ಕೆಟ್ ಮೆಟ್ಟಿಲ ಮೇಲೆ, ತರಕಾರಿ ಚೀಲ ಹಿಡಿದು ನಿಂತಿದ್ದೆ. ಹೆಂಡತಿ ಸುಧಾ ನನಗಿಂತ ಎರಡು ಮೆಟ್ಟಿಲು ಕೆಳಗಿದ್ದಳು. ಕಂಬಿ ಹಿಡಿದು ನಿಂತವಳು ಮೇಲೆ ಬರಲಿಲ್ಲ.

"ಉಸಿರು ಸಾಲ್ತಿಲ್ಲ ರೀ."

ಸಿ.ಟಿ. ಸ್ಕ್ಯಾನ್ ಆಯಿತು. ಲಂಗ್ ಫೈಬ್ರೋಸಿಸ್. ಶ್ವಾಸಕೋಶ ಗಟ್ಟಿಯಾಗುತ್ತಾ ಹೋಗುತ್ತೆ, ಮೊದಲಿನಂತೆ ಆಗೋದಿಲ್ಲ ಎಂದರು ಡಾಕ್ಟರ್.

ಸುಧಾ ಬಹಳ ವರ್ಷಗಳಿಂದ ಬುದ್ಧನ ದಾರಿ ಹಿಡಿದವಳು. ದಿನಾ ಕಣ್ಣು ಮುಚ್ಚಿ ಕೂತು, ಉಸಿರು ಬರುವುದನ್ನೂ ಹೋಗುವುದನ್ನೂ ನೋಡುವುದೇ ಅವಳ ಸಾಧನೆ. ಕಾಯಿಲೆ ಆ ಉಸಿರನ್ನೇ ಕಿತ್ತುಕೊಂಡಿತು. ಆಕ್ಸಿಜನ್ ಮೆಷಿನ್ನಿನ ಸದ್ದಿನ ಪಕ್ಕದಲ್ಲೂ ಕೂರುತ್ತಿದ್ದಳು. ಸ್ವಲ್ಪ ಹೊತ್ತಿಗೇ ಗಾಬರಿಯಿಂದ ಕಣ್ಣು ಬಿಡುತ್ತಿದ್ದಳು.

ಅವಳ ಅಕ್ಕ ವಿಮಲಾ ಬನಶಂಕರಿಯಿಂದ ಬಂದು ಅತ್ತರು. "ಎಷ್ಟು ನರಳ್ತೀಯೇ. ದೇವರು ಬೇಗ ಮುಕ್ತಿ ಕೊಡಲಿ."

"ಸತ್ರೆ ಮುಕ್ತಿ ಅನ್ನೋದಾದ್ರೆ ನಮ್ಮನೆ ಜಿರಳೆಗಳೆಲ್ಲ ಬುದ್ಧ ಆಗಿರ್ಬೇಕಿತ್ತು, ಅಕ್ಕ." ಸುಧಾ ನಕ್ಕಳು, ಕೆಮ್ಮಿದಳು. "ಬೇಕು ಅನ್ನೋದು ಆರಬೇಕು. ಆರದೆ ಹೋದ್ರೆ ಮತ್ತೆ ಹುಟ್ಟೋದೇ."

ಕೊನೆಯಲ್ಲಿ ಯಾರೂ ಹೆಸರು ಕೂಗಬಾರದು, ನಾನು ಕಿವಿಯ ಹತ್ತಿರ "ಬರ್ತಿದೆ, ಹೋಗ್ತಿದೆ" ಎಂದಷ್ಟೇ ಹೇಳುತ್ತಿರಬೇಕು ಎಂದು ನನ್ನಿಂದ ಮಾತು ತೆಗೆದುಕೊಂಡಿದ್ದಳು. ಮನಸ್ಸು ಏನನ್ನೂ ಹಿಡಿದುಕೊಳ್ಳದೆ ಹೋಗಬೇಕೆಂಬುದೊಂದೇ ಅವಳ ಆಸೆ.

ಆ ಕೊನೆ ಬಂದದ್ದು ಒಂದು ಮಧ್ಯಾಹ್ನ, ನಮ್ಮ ಮಲಗುವ ಕೋಣೆಯಲ್ಲಿ. ವಿಮಲಾ ಗಂಗಾಜಲದ ಚಮಚ ಮುಂದೆ ತಂದರು.

"ಬೇಡ ಆಂಟಿ, ನೆತ್ತಿಗೆ ಹತ್ತುತ್ತೆ," ಎಂದಳು ಮನೆಗೆ ಬರುತ್ತಿದ್ದ ನರ್ಸ್ ಗ್ರೇಸಿ.

ನಾನು ಬಗ್ಗಿದೆ. "ಬರ್ತಿದೆ, ಹೋಗ್ತಿದೆ."

ಬರುತ್ತಿರಲಿಲ್ಲ.

ಸುಧಾ ಮಾಸ್ಕ್ ಸರಿಸಿದಳು. ನನ್ನ ಅಂಗಿ ಹಿಡಿದಳು.

"ಇನ್ನೊಂದು... ಇನ್ನೊಂದು ಬೇಕು ರೀ."

ಅವಳ ಬೆರಳುಗಳನ್ನು ಆಮೇಲೆ ನಾನೇ ಬಿಡಿಸಬೇಕಾಯಿತು.

ಬಂದವರೆಲ್ಲ ಮುಕ್ತಿ ಸಿಕ್ಕಿತು ಎಂದರು. ತಲೆಯಾಡಿಸಿದೆ. ಅವಳೇ ಹೇಳಿದಂತೆ ನೋಡಿದರೆ ಸಿಕ್ಕಿಲ್ಲ. ನೀರಲ್ಲಿ ಮುಳುಗುವವನು ಗಾಳಿಗೆ ಬಾಯಿ ತೆರೆಯುವುದೂ ಆಸೆಯೇ, ಇಲ್ಲ ಅದು ಬರೀ ದೇಹದ ಕೆಲಸವೇ? ಕೇಳೋಣವೆಂದರೆ, ನನಗೆ ಇಂಥದ್ದನ್ನು ಬಿಡಿಸಿ ಹೇಳುತ್ತಿದ್ದವಳು ಅವಳೊಬ್ಬಳೇ.

ಎಲ್ಲೋ ಮತ್ತೆ ಹುಟ್ಟಿದ್ದರೆ, ಅವಳು ಕೇಳಿದ ಆ ಇನ್ನೊಂದು ಉಸಿರು ಸಿಕ್ಕಿರುತ್ತದೆ. ಶ್ವಾಸಕೋಶವೂ ಹೊಸದು. ಅವಳು ಒಪ್ಪುತ್ತಿರಲಿಲ್ಲ. ಕೆಲವು ದಿನ ನಾನು ಅಷ್ಟಕ್ಕೇ ಸಮಾಧಾನ ಮಾಡಿಕೊಳ್ಳುತ್ತೇನೆ. ಹೆಚ್ಚಿನ ದಿನ ಆಗುವುದಿಲ್ಲ.

ಮುಕ್ತಿ ಸಿಕ್ಕಿತು ಎಂದು ಹೇಳಿ ಹೋದವರು ಆ ಕೈ ನನ್ನ ಅಂಗಿ ಹಿಡಿದದ್ದನ್ನು ಕಂಡಿಲ್ಲ. ಕಂಡವರು ನನ್ನ ಹೊರತು ಇನ್ನಿಬ್ಬರೇ. ಚಮಚ ಹಿಡಿದು ನಿಂತಿದ್ದ ವಿಮಲಾ, ಬನಶಂಕರಿಯಲ್ಲಿ. ಗ್ರೇಸಿ, ಈಗ ಅರೆಕೆರೆಯ ಒಂದು ಮನೆಯಲ್ಲಿ, ಬೇರೊಬ್ಬರ ಹಾಸಿಗೆಯ ಪಕ್ಕ.